ಎಷ್ಟು ಬಿತ್ತು?

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ಮಹಡಿ ಹತ್ತಿದೆ. ನಿನ್ನೆ ಸಂಜೆ ಮರಳಿನಂಥ ಪುಡಿ ಊದಿ ಬೆಳ್ಳಗೆ ಮಾಡಿಟ್ಟಿದ್ದ ಯೆಜ್ಡಿ ಬೈಕಿನ ಸ್ಟ್ಯಾಂಡು ಟೀ ಸೋಸೋ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು. ಬಣ್ಣ, ತುಕ್ಕು ಎಲ್ಲ ಬಿಟ್ಟ ಕಬ್ಬಿಣ ಆಗ ತಾನೇ ಸ್ನಾನ ಮಾಡಿಸಿದ ಮಗು ಇದ್ದ ಹಾಗೆ. ಬೇಗ ಏನಾದರೂ ಹೊದಿಸಬೇಕು, ಇಲ್ಲದಿದ್ದರೆ ನೆಗಡಿ. ಊದಿದ ಕೆಲವೇ ಗಂಟೆಯೊಳಗೆ ಪ್ರೈಮರ್ ಹೊಡೆಯಬೇಕು ಅಂತ ನನಗೂ ಗೊತ್ತಿತ್ತು. ಡಬ್ಬಿಯ ಮುಚ್ಚಳ ಕೂಡ ತೆಗೆದಿದ್ದೆ. ಅಷ್ಟರಲ್ಲಿ ಮೇಷ್ಟ್ರು ಬಂದರು.

ಮೇಷ್ಟ್ರು ಅಂದರೆ ಎದುರು ಮನೆಯವರು. ಲೆಕ್ಕದ ಮೇಷ್ಟ್ರಾಗಿ ರಿಟೈರ್ ಆದವರು. ಕೋಲಾರದಲ್ಲಿ ಯಾರ ಮನೆಗೆ ಏನು ಬಂದರೂ ಅವರದು ಒಂದೇ ಪ್ರಶ್ನೆ. "ಎಷ್ಟು ಬಿತ್ತಪ್ಪಾ?" ವಿಷಯ ಮನಸ್ಸಿಗೆ ತುಂಬಾ ತಟ್ಟಿದರೆ ತೆಲುಗಿನಲ್ಲಿ "ಎಂತಿಚ್ಚಾರು?" ನಾವು ಎಷ್ಟೇ ಹೇಳಲಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿ, "ಜಾಸ್ತಿ ಆಯ್ತು" ಅನ್ನುತ್ತಾರೆ. ಒಂದ್ಸಲ ಟೊಮೆಟೊ ಕೇಜಿಗೆ ಐದು ರೂಪಾಯಿ ಅಂದೆ. ಆಗಲೂ ಜಾಸ್ತೀನೇ.

ತಪ್ಪು ನನ್ನದೇ. ಅಪ್ಪನ ಯೆಜ್ಡಿಯ ಸ್ಟ್ಯಾಂಡು, ಕ್ಯಾರಿಯರ್ರು, ಚೈನ್ ಕವರ್ರು ಇಷ್ಟಕ್ಕೆ ಪೌಡರ್ ಕೋಟಿಂಗ್ ಅಂಗಡಿಯವನು ಬ್ಲಾಸ್ಟಿಂಗ್‌ಗೆ, ಅಂದರೆ ಗಾಳಿಯ ರಭಸದಲ್ಲಿ ಪುಡಿ ಊದಿ ಹಳೇ ಬಣ್ಣ, ತುಕ್ಕು ಕೀಳೋಕೆ, 1,200 ಕೇಳಿದ. ದುಬಾರಿ ಅನ್ನಿಸಿತು. ಮನೆಯಲ್ಲೇ ಮಾಡಿಕೊಳ್ಳೋಣ ಅಂತ 12,500 ಕೊಟ್ಟು 2 ಎಚ್‌ಪಿಯ 50 ಲೀಟರ್ ಕಂಪ್ರೆಸರ್ ತಂದೆ. ಪುಡಿ ಊದೋ ಗನ್ನಿಗೆ 900.

ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತೆ. ಸ್ವಿಚ್ ಒತ್ತಿದೆ, ಎಂಸಿಬಿ ಬಿತ್ತು. ಕೆಳಗೆ ಮಿಕ್ಸಿ ನಿಂತಿತು, ಅದರ ಹಿಂದೆಯೇ ನನ್ನ ಹೆಸರು ಕೇಳಿಸಿತು. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್‌ ಚಿನ್ನದ ಗಣಿಗೆ ಕರೆಂಟ್ ತರಿಸಿಕೊಂಡ ಜಿಲ್ಲೆ ನಮ್ಮದು. ನನ್ನ ಮನೆಯ ವೈರಿಂಗ್ ಅದಕ್ಕಿಂತ ಹಳೇದಿರಬೇಕು. ಬೇರೆ ಲೈನ್ ಎಳೆಸಿ 16 ಆಂಪ್ ಪಾಯಿಂಟ್ ಹಾಕಿಸಿದ್ದಕ್ಕೆ 800.

ಗಾಳಿ ಬಂತು ಅಂದುಕೊಂಡರೆ ಅದೂ ಸಾಲದು. ಗನ್ನು ಕುಡಿಯುವಷ್ಟು ಗಾಳಿಯನ್ನು ನನ್ನ ಕಂಪ್ರೆಸರ್ ಕೊಡಲ್ಲ. ಒಂದು ನಿಮಿಷ ಊದಿದರೆ ಎರಡು ನಿಮಿಷ ಸುಮ್ನೆ ಕೂರಬೇಕು. ಗಾಳಿಯಲ್ಲಿದ್ದ ನೀರಿಗೆ ಪುಡಿ ಉಂಡೆ ಕಟ್ಟಿ ಗನ್ನಿನ ಬಾಯಿ ಕಟ್ಟಿಕೊಂಡಿತು. ನೀರು ಹಿಡಿಯೋ ಫಿಲ್ಟರ್‌ಗೆ 650. ಚೈನ್ ಕವರ್‌ಗೆ ಹತ್ತಿರದಿಂದ ಊದಿದೆ. ತೆಳು ತಗಡು, ಹಪ್ಪಳದ ಹಾಗೆ ಸೊಟ್ಟಗಾಯಿತು.

ಇದಕ್ಕೆಲ್ಲ ಮೊದಲು, ಊದೋಕೆ ಮರಳು ಎಲ್ಲಿಂದ ತರಲಿ ಅಂತ ಯೋಚಿಸುತ್ತಿದ್ದಾಗ ದಾರಿ ತೋರಿಸಿದ್ದೂ ಮೇಷ್ಟ್ರೇ. "ಮೂಲೆ ಮನೆ ಕಟ್ತಾ ಇದಾರಲ್ಲ, ಒಂದು ಬಕೆಟ್ ಕೇಳು. ಬಿಟ್ಟಿ." ನಾನು ಕೇಳಲಿಲ್ಲ. ಆ ಮರಳಿನಲ್ಲಿರೋದು ಸಿಲಿಕಾ. ಊದಿದಾಗ ಪುಡಿಪುಡಿಯಾಗಿ, ಕಣ್ಣಿಗೂ ಕಾಣದಷ್ಟು ಸಣ್ಣಗಾಗಿ ಶ್ವಾಸಕೋಶಕ್ಕೆ ಇಳಿಯುತ್ತೆ. ಇಳಿದದ್ದು ವಾಪಸ್ ಬರಲ್ಲ. ಹಾಗಾಗಿ 25 ಕೇಜಿ ಗಾರ್ನೆಟ್ ಪುಡಿ ತಂದೆ, 1,100. ಅದರಲ್ಲಿ ಸಿಲಿಕಾ ತೀರಾ ಕಮ್ಮಿ. ಆದರೂ ಹಳೇ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು, ಕರ್ಚೀಫ್ ಕಟ್ಟಿಕೊಂಡರೆ ಆಗಲ್ಲ. ಎರಡೂ ಕಡೆ ಫಿಲ್ಟರ್ ಇರೋ ರಬ್ಬರ್ ಮಾಸ್ಕು ತಗೊಂಡೆ. 2,200. ಹೆಂಡತಿಗೆ 400 ಅಂದಿದ್ದೆ.

ಮೊದಲ ದಿನ ಮಹಡಿಯಲ್ಲಿ ಟಾರ್ಪಾಲ್ ಕಟ್ಟಿ, ಸುಡುಬಿಸಿಲಲ್ಲಿ ರೈನ್‌ಕೋಟು, ಹೆಲ್ಮೆಟ್ಟು, ಗ್ಲೌಸು, ಈ ಮಾಸ್ಕು ಎಲ್ಲ ಏರಿಸಿ ನಿಂತಿದ್ದೆ. ಕಂಪ್ರೆಸರ್ ಗದ್ದಲದಲ್ಲಿ ಮೇಷ್ಟ್ರು ಹತ್ತಿ ಬಂದದ್ದು ಗೊತ್ತಾಗಲಿಲ್ಲ. ಅವರ ತುಟಿ ಆಡುತ್ತಿತ್ತು, ಏನು ಕೇಳುತ್ತಿದ್ದಾರೆ ಅಂತ ಬೇರೆ ಹೇಳಬೇಕಾ? ನನಗೆ ಕೇಳಿಸುತ್ತಿಲ್ಲ ಅಂತ ಗೊತ್ತಾಗಿ ನನ್ನ ಮೂತಿ ಕಡೆ ಬೊಟ್ಟು ಮಾಡಿದರು. ಆಮೇಲೆ ಹೆಬ್ಬೆರಳು ತೋರುಬೆರಳು ಉಜ್ಜಿದರು. ಮಾಸ್ಕ್ ಬಿಚ್ಚೋ ಹಾಗಿಲ್ಲ. ಎರಡು ಬೆರಳು ತೋರಿಸಿದೆ. ಕೈ ಮಡಚಿ ಮತ್ತೆ ಎರಡು ಬೆರಳು ತೋರಿಸಿದೆ. ಲೆಕ್ಕದ ಮೇಷ್ಟ್ರಲ್ವಾ, ಕೂಡಿಬಿಟ್ಟರು! ನಾಲ್ಕು ಬೆರಳು ಎತ್ತಿ, ಕಣ್ಣರಳಿಸಿ ನಿಂತರು. ನಾನು ಅಲ್ಲ ಅಲ್ಲ ಅಂತ ಜೋರಾಗಿ ತಲೆ ಅಲ್ಲಾಡಿಸಿದೆ. ಹೆಲ್ಮೆಟ್ ಜಾರಿ ಕಣ್ಣು ಮುಚ್ಚಿತು. ಮೇಲೆತ್ತಿ ನೋಡುವಷ್ಟರಲ್ಲಿ ಮೇಷ್ಟ್ರು ಮೆಟ್ಟಿಲಿಳಿಯುತ್ತಿದ್ದರು, ಬೀದಿಗೆ ಸುದ್ದಿ ಮುಟ್ಟಿಸುವ ವೇಗದಲ್ಲಿ.

ಸಂಜೆ ಕಾಫಿ ಲೋಟ ಟೇಬಲ್ ಮೇಲೆ ಸ್ವಲ್ಪ ಜೋರಾಗಿಯೇ ಬಂದು ಕೂತಿತು. "ರೀ, ಮಾಸ್ಕು ನಾಲ್ಕು ಸಾವಿರವಂತೆ?" ಇಲ್ಲ, ಬರೀ ಎರಡು ಸಾವಿರದ ಇನ್ನೂರು ಅಂದುಬಿಟ್ಟೆ. ಅದಕ್ಕಿಂತ ನಾಲ್ಕು ಸಾವಿರ ಅಂತ ಒಪ್ಪಿಕೊಂಡಿದ್ದರೇ ಚೆನ್ನಾಗಿತ್ತು, ಕನಿಷ್ಠ ಸೊನ್ನೆ ಒಂದು ಬಿಟ್ಟುಹೋಗಿತ್ತು ಅನ್ನಬಹುದಿತ್ತು.

ಪಕ್ಕದ ಮಹಡಿಯ ಸಂಡಿಗೆ ಮೇಲೂ ಅವತ್ತು ಪುಡಿ ಬಿದ್ದಿತ್ತು. ಎಷ್ಟು ಬಿತ್ತು ಅನ್ನೋದನ್ನ ಈ ಸಲ ಪಕ್ಕದ್ಮನೆ ಆಂಟಿ ಕೇಳಿದರು. ಪುಡಿ ಆಚೆ ಹಾರದಿರಲಿ, ಒಳಗಿಟ್ಟೇ ಊದೋಣ ಅಂತ ಹಳೇ ಡ್ರಮ್ ಕೊಯ್ಸಿ, ಗಾಜು ಕೂರಿಸಿ, ಕೈ ತೂರಿಸೋಕೆ ಎರಡು ತೂತು ಮಾಡಿಸಿ ಉದ್ದನೆ ಗ್ಲೌಸ್ ಸಿಕ್ಕಿಸಿದೆ. ವೆಲ್ಡಿಂಗ್ ಎಲ್ಲ ಸೇರಿ 1,500.

ನಿನ್ನೆ ಸಂಜೆ ಮೇಷ್ಟ್ರು ಬಂದು ಆ ಡ್ರಮ್ಮಿನ ಪಕ್ಕ ಕೂತರು. ಪ್ರಶ್ನೆಗೆ ಕಾದೆ. ಬರಲಿಲ್ಲ. ಮಾಸ್ಕ್ ಎತ್ತಿಕೊಂಡು ಫಿಲ್ಟರ್ ತಿರುಗಿಸಿ ನೋಡಿದರು. ಆ ಮೂಲೆ ಮನೆ ಮರಳು ಯಾಕೆ ಬೇಡ ಅಂದೆ ಅಂತ ಕೇಳಿದರು. ಹೇಳಿದೆ.

"ನಮ್ಮಪ್ಪ ಕೆಜಿಎಫ್‌ನಲ್ಲಿ ಅಂಡರ್‌ಗ್ರೌಂಡು" ಅಂದರು. ಅಲ್ಲಿ ಚಿನ್ನ ಇದ್ದದ್ದು ಬಿಳಿ ಕಲ್ಲಿನಲ್ಲಿ. ಆ ಕಲ್ಲೂ ಸಿಲಿಕಾನೇ. ಕೊರೆದಾಗ ಎದ್ದ ಧೂಳು ಎಷ್ಟೋ ಜನರ ಎದೆಯಲ್ಲಿ ಉಳಿಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವರ ಅಪ್ಪ ಅಷ್ಟು ವರ್ಷ ಇರಲಿಲ್ಲ. "ಮಲಗಿದರೆ ಉಸಿರು ಸಿಕ್ತಿರಲಿಲ್ಲ ಕಣಪ್ಪ. ಗೋಡೆಗೆ ದಿಂಬು ಕೊಟ್ಟು ಕೂತೇ ನಿದ್ದೆ ಮಾಡೋರು. ರಾತ್ರಿಯೆಲ್ಲ ಕೆಮ್ಮು. ಆ ಶಬ್ದ ನಿಂತರೆ ನಮಗೆ ಎಚ್ಚರ ಆಗೋದು." ಕತ್ತಲಾಗುವವರೆಗೂ ಮಾತಾಡಿದರು. ಎದುರಿಗೆ ಪ್ರೈಮರ್ ಡಬ್ಬಿ ಬಾಯಿ ತೆರೆದುಕೊಂಡೇ ಇತ್ತು. ಏಳೋಕೆ ನನಗೆ ಮನಸ್ಸಾಗಲಿಲ್ಲ.

ಅದಕ್ಕೇ ಇವತ್ತು ಈ ತುಕ್ಕು. ಬ್ರಷ್ ಬಾಯಲ್ಲೇ ಇಟ್ಟುಕೊಂಡು ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಮೇಷ್ಟ್ರು ಬಂದು ಉಗುರಿನಿಂದ ಸ್ಟ್ಯಾಂಡು ಕೆರೆದರು. ಬೆರಳಿಗೆ ಹತ್ತಿದ ಕಂದು ಪುಡಿ ನೋಡಿಕೊಂಡರು. ಮುಖ ಮತ್ತೆ ಮಾಮೂಲಿಗೆ ಬಂದಿತ್ತು.

"ಅಲ್ಲಪ್ಪಾ, ಇದಕ್ಕೆಲ್ಲ ಸೇರಿ ಒಟ್ಟು ಎಷ್ಟು ಬಿತ್ತು?"

19,650. ಮನಸ್ಸಲ್ಲೇ ಮೂರು ಸಲ ಕೂಡಿದರೂ ಅಷ್ಟೇ ಬಂತು.

"ಮೇಷ್ಟ್ರೇ, ಮೆಲ್ಲಗೆ" ಅಂದೆ. "ಕೆಳಗೆ ಅಡುಗೆಮನೆ ಕಿಟಕಿ ತೆಗೆದಿದೆ."