ಬಯಲಿನಿಂದ ಕೋಣೆಗೆ ಅಟ್ಟಿದ ಎರಡು ಬೇಸಿಗೆಗಳು

2020ರ ಮಾರ್ಚ್ 25, ಕೋವಿಡ್ ಲಾಕ್‌ಡೌನಿನ ಮೊದಲ ದಿನ, ಯುಗಾದಿ ಹಬ್ಬವೂ ಆಗಿತ್ತು. ಬಳ್ಳಾರಿಯವರಿಗೆ ಯುಗಾದಿಯೆಂದರೆ ಬಿಸಿಲು ಬಲಿಯುವ ಕಾಲ; ಮುಂದಿನ ಎರಡು ತಿಂಗಳಲ್ಲಿ ಮಧ್ಯಾಹ್ನದ ಕಾವು ನಲವತ್ತು ಡಿಗ್ರಿ ದಾಟಿದರೆ ಅದು ಇಲ್ಲಿ ಸುದ್ದಿಯೂ ಅಲ್ಲ. ಅಂಥ ಹೊತ್ತಿನಲ್ಲಿ ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆಜ್ಞೆ, ಬಂಗಲೆಯವರಿಗೂ ಒಂದೇ ಕೋಣೆಯವರಿಗೂ ಒಂದೇ ತೆರನಾಗಿ ಬಂತು.

ನಮ್ಮ ಅಕ್ಕನ ಸಂಸಾರ ಇರುವುದು ಸರ್ಕಾರ ಕಟ್ಟಿಸಿಕೊಟ್ಟ, ಜನ ಜಿ ಪ್ಲಸ್ ಟೂ (ನೆಲಮಹಡಿ, ಅದರ ಮೇಲೆ ಎರಡು ಮಹಡಿ) ಎಂದೇ ಕರೆಯುವ ಬ್ಲಾಕಿನ ಮೇಲಿನ ಮಹಡಿಯಲ್ಲಿ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರದ ಬಡವರ ಮನೆಗೆ ಗೊತ್ತುಮಾಡಿದ ಕಾರ್ಪೆಟ್ ವಿಸ್ತೀರ್ಣ, ಎಂದರೆ ಗೋಡೆಗಳ ಒಳಗಿನ ಜಾಗ, 30 ಚದರ ಮೀಟರ್, ಅಂದರೆ ಸುಮಾರು 323 ಚದರಡಿ. ಅಕ್ಕನ ಮನೆ ಅದಕ್ಕೂ ಹಿಂದಿನ ಕಾಲದ್ದು, ಇನ್ನೂ ಚಿಕ್ಕದು. ಅಷ್ಟರಲ್ಲಿಯೇ ಅತ್ತೆ, ಮಾವ, ಗಂಡ, ಹೆಂಡತಿ, ಮೂವರು ಮಕ್ಕಳು, ಮೂಲೆಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನು. ಆದರೂ ಅದು ಇಷ್ಟು ವರ್ಷ ನಡೆದುಕೊಂಡು ಬಂದಿತ್ತು, ಏಕೆಂದರೆ ಆ ಏಳು ಜನ ಒಟ್ಟಿಗೆ ಒಳಗಿರುವ ಹೊತ್ತೇ ಕಡಿಮೆ. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದರೆ ವಯಸ್ಸಾದವರು ಬೇವಿನ ಮರದ ಕಟ್ಟೆ ಸೇರುತ್ತಿದ್ದರು. ರಾತ್ರಿ ಚಾಪೆ, ದಿಂಬು ಹೊತ್ತು ಎಲ್ಲರೂ ಮಾಳಿಗೆ ಏರುತ್ತಿದ್ದರು. ನಕ್ಷೆಯಲ್ಲಿ ಇಲ್ಲದ ಕೋಣೆಗಳನ್ನು ಜನ ಬಯಲಿನಲ್ಲಿ ಗಳಿಸಿಕೊಂಡಿದ್ದರು.

ಲಾಕ್‌ಡೌನ್ ಕಸಿದುಕೊಂಡಿದ್ದು ಆ ಬಯಲನ್ನೇ. ಕಟ್ಟೆಯ ಮೇಲೆ ಕೂತವರಿಗೆ ಲಾಠಿ ತೋರಿಸಲಾಯಿತು, ಗುಂಪು ಸೇರುತ್ತಾರೆಂದು ಮಾಳಿಗೆಯ ಬಾಗಿಲಿಗೆ ಬೀಗ ಬಿತ್ತು. ಒಂದೇ ಕಿಟಕಿಯ, ಹಗಲೆಲ್ಲ ಕಾದ ಆರ್‌ಸಿಸಿ ಚಾವಣಿಯ ಕೆಳಗೆ ಏಳು ಜನ ರಾತ್ರಿಯಿಡೀ ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡಿದರು. ಮೊದಲ ವರ್ಷದ ಮಟ್ಟಿಗೆ ಇದನ್ನು ಕ್ಷಮಿಸಬಹುದು. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಲ್ಲಿ ಹರಡುವ ರೋಗವಲ್ಲವೆಂದು ಸಾರಿತ್ತು. ಆದರೆ 2021ರ ಮೇ ತಿಂಗಳ ಲಾಕ್‌ಡೌನ್ ಹೊತ್ತಿಗೆ ಮುಚ್ಚಿದ ಕೋಣೆಗಿಂತ ತೆರೆದ ಬಯಲೇ ಎಷ್ಟೋ ಸುರಕ್ಷಿತ ಎಂಬುದು ಗೊತ್ತಾಗಿತ್ತು. ಆಗಲೂ ಕಟ್ಟೆಯಿಂದ ಎಬ್ಬಿಸಿ ಒಳಗೆ ಕಳಿಸಿದ್ದನ್ನು ನಾನು ಒಪ್ಪಲಾರೆ.

ಸೋಂಕು ತಗುಲಿದವರು ಮನೆಯಲ್ಲೇ ಪ್ರತ್ಯೇಕವಾಗಿರಲು ಬೇರೆ ಕೋಣೆ, ಸಾಧ್ಯವಾದರೆ ಅದಕ್ಕೆ ಹೊಂದಿದ ಶೌಚಾಲಯ ಇರಬೇಕೆಂಬ ನಿಯಮವೂ ಇತ್ತು. ಅದು ಇಲ್ಲದವರು ಕೋವಿಡ್ ಕೇರ್ ಸೆಂಟರಿಗೆ ಹೋಗಬೇಕಿತ್ತು. ಕೋವಿಡ್‌ನಿಂದ ಸತ್ತವರ ಶವಗಳನ್ನು ಗುಂಡಿಗೆ ಎಸೆಯುವ ವಿಡಿಯೊ 2020ರ ಜೂನ್ ಕೊನೆಗೆ ನಮ್ಮ ಜಿಲ್ಲೆಯಿಂದಲೇ ಹೊರಬಂದ ಮೇಲೆ, ಜ್ವರ ಬಂದವರು ಬಾಯಿ ಬಿಡದೆ ಗುಳಿಗೆ ನುಂಗಿ ಸುಮ್ಮನಾಗಿದ್ದನ್ನು ಅಜ್ಞಾನವೆಂದು ಹೇಗೆ ಕರೆಯುವುದು?

ಕೈ ತೊಳೆಯುವ ಮಾತಂತೂ ಬೇರೆಯೇ. ಅಲ್ಲೀಪುರ ಕೆರೆಯಿಂದ ಬರುವ ನೀರಿಗೆ ಈ ಊರಿನಲ್ಲಿ ದಿನಗಟ್ಟಲೆ ಕಾಯುವುದು ರೂಢಿ. ಬಂದ ದಿನ ಕೆಳಗಿನ ನಲ್ಲಿಯ ಮುಂದೆ ಕೊಡಗಳ ನಡುವೆ ಆರಡಿ ಅಂತರ ಬಿಟ್ಟರೆ ಪಾಳಿ ಮುಖ್ಯರಸ್ತೆ ಮುಟ್ಟುತ್ತದೆ.

ಏನೂ ಸಿಗಲಿಲ್ಲವೆಂದಲ್ಲ. ಪಡಿತರದ ಅಕ್ಕಿ ಬಂತು, ಏಪ್ರಿಲ್‌ನಲ್ಲಿ ಕೊಳಗೇರಿಗಳಿಗೆ ಉಚಿತ ಹಾಲು ಹಂಚಿದರು, ಜನಧನ್ ಖಾತೆಯಿದ್ದ ಹೆಂಗಸರಿಗೆ ಮೂರು ತಿಂಗಳು ಐನೂರು ರೂಪಾಯಿ ಬಿತ್ತು. ಜೀನ್ಸ್ ಘಟಕಗಳು ನಿಂತು, ದಾರ ಕತ್ತರಿಸುವ ಬಿಡಿಗಾಸಿನ ಕೆಲಸವೂ ಇಲ್ಲವಾದಾಗ ಒಲೆ ಉರಿದಿದ್ದು ಅದರಿಂದಲೇ. ನನ್ನ ತಕರಾರು ಅನ್ನದ ಬಗೆಗಲ್ಲ, ಗೋಡೆಯ ಬಗೆಗೆ.

ಬಡವರ ಮನೆಗಳನ್ನು ಈಗಲೂ ಎಷ್ಟು ಕಟ್ಟಿದೆವು ಎಂದು ಎಣಿಸುತ್ತೇವೆಯೇ ಹೊರತು ಒಂದು ಕೋಣೆಗೆ ಎಷ್ಟು ಜನ ಎಂದು ಎಣಿಸುವುದಿಲ್ಲ. ವಿಸ್ತೀರ್ಣ ಹೆಚ್ಚಿಸಲು ಹಣ ಬೇಕು, ಒಪ್ಪುತ್ತೇನೆ. ಆದರೆ ಎದುರುಬದುರು ಗೋಡೆಗೆ ಎರಡು ಕಿಟಕಿ, ಮಹಡಿಗೊಂದು ತೆರೆದ ಪಡಸಾಲೆ, ಜನ ಮಲಗುವ ಮಾಳಿಗೆಗೆ ಎದೆಮಟ್ಟದ ಗೋಡೆ, ಮೇಲಕ್ಕೊಂದು ನಲ್ಲಿ, ಇವನ್ನು ನಕ್ಷೆಯಲ್ಲೇ ಬರೆಯಬಹುದು. ಮಾಳಿಗೆಯ ಬೀಗದ ಕೈ ಬ್ಲಾಕಿನವರ ಕೈಯಲ್ಲೇ ಇರಲಿ ಎಂದು ಆದೇಶಿಸಲು ಅಷ್ಟೂ ಖರ್ಚಿಲ್ಲ.