'ಹಾರ್ಮೋನ್ ಮಾತ್ರೆ' ಅಂತ ಹೆದರಿ ನಿಲ್ಲಿಸಬೇಡಿ

ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೆ ಎಷ್ಟೋ ಹೆಂಗಸರಿಗೆ ಟ್ಯಾಮೋಕ್ಸಿಫೆನ್ ಬರೆದುಕೊಡುತ್ತಾರೆ. ಐದು ವರ್ಷ, ಕೆಲವರಿಗೆ ಹತ್ತು ವರ್ಷ. ಮನೆಯವರ ಬಾಯಲ್ಲಿ ಅದು 'ಹಾರ್ಮೋನ್ ಮಾತ್ರೆ'. "ಹಾರ್ಮೋನಿನಿಂದ ಬೆಳೆಯೋ ಗಡ್ಡೆಗೆ ಮತ್ತೆ ಹಾರ್ಮೋನ್ ಯಾಕೆ ಕೊಡ್ತಾರೆ?" ಅಂತ ನಮ್ಮ ಚಿಕ್ಕಮ್ಮ ಕೇಳಿದ್ದರು. ಸರಿಯಾದ ಪ್ರಶ್ನೆ. ಆಸ್ಪತ್ರೆಯಲ್ಲಿ ಸಿಕ್ಕ ಉತ್ತರ "ಸುಮ್ನೆ ತಗೊಳ್ಳಿ" ಅಂತ. ಇದು ನನಗೆ ಒಪ್ಪಿಗೆಯಿಲ್ಲ. ಚೀಟಿಯ ಹಿಂದೆ ಎರಡು ಚಿತ್ರ ಬರೆದು ತೋರಿಸಬಹುದಾದ ವಿಷಯ ಇದು.

ಟ್ಯಾಮೋಕ್ಸಿಫೆನ್ ಹಾರ್ಮೋನ್ ಅಲ್ಲ. ಹಾರ್ಮೋನ್ ಕೂರುವ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ.

ಆ ಹಾರ್ಮೋನಿನ ಹೆಸರು ಈಸ್ಟ್ರೋಜೆನ್. ಅದು ಕೂರುವ ಜಾಗ ಇರುವುದು ಈಸ್ಟ್ರೋಜೆನ್ ರಿಸೆಪ್ಟರ್ ಎಂಬ ಪ್ರೋಟೀನಿನಲ್ಲಿ. 595 ಅಮೈನೋ ಆಮ್ಲಗಳ ಸರ. ಅದರ ಒಂದು ಭಾಗ ಡಿಎನ್‌ಎಯನ್ನು ಹಿಡಿಯುತ್ತದೆ, ಇನ್ನೊಂದು ಭಾಗದಲ್ಲಿ ಈಸ್ಟ್ರೋಜೆನ್‌ಗೆ ಒಂದು ಗೂಡಿದೆ. ಗೂಡಿನ ಬಾಯಲ್ಲಿ ಪುಟ್ಟ ಸುರುಳಿ, ಹೆಸರು ಹೆಲಿಕ್ಸ್ 12. ಈಸ್ಟ್ರೋಜೆನ್ ಒಳಗೆ ಕೂತರೆ ಈ ಸುರುಳಿ ಬಾಯಿ ಮುಚ್ಚುತ್ತದೆ. ಆಗ ಪಕ್ಕದಲ್ಲಿ ಒಂದು ತೋಡು ಸಿದ್ಧವಾಗುತ್ತದೆ. ಸಹಾಯಕ ಪ್ರೋಟೀನುಗಳು ಬಂದು ಅಲ್ಲಿ ಅಂಟಿಕೊಂಡು, ಬಿಗಿಯಾಗಿ ಸುತ್ತಿದ ಡಿಎನ್‌ಎಯನ್ನು ಸಡಿಲಿಸುತ್ತವೆ. ಕೋಶ ಬೆಳೆಸುವ ಜೀನ್‌ಗಳು ಕೆಲಸ ಶುರುಮಾಡುತ್ತವೆ.

ಟ್ಯಾಮೋಕ್ಸಿಫೆನ್ ಕೂರುವುದೂ ಅದೇ ಗೂಡಿನಲ್ಲೇ. ಆದರೆ ಅದಕ್ಕೊಂದು ಉದ್ದ ಬಾಲವಿದೆ. ಪಾತ್ರೆಯೊಳಗೆ ಸೌಟು ಬಿಟ್ಟರೆ ಮುಚ್ಚಳ ಕೂರುವುದಿಲ್ಲ, ಅಲ್ವಾ? ಹಾಗೆಯೇ ಸುರುಳಿಗೂ ಮುಚ್ಚಲು ಆಗುವುದಿಲ್ಲ. ಅದು ಪಕ್ಕಕ್ಕೆ ಹೊರಳಿ, ಸಹಾಯಕರು ಬರಬೇಕಿದ್ದ ತೋಡಿನಲ್ಲಿ ತಾನೇ ಮಲಗುತ್ತದೆ. ಅವರಿಗೆ ಜಾಗವೇ ಇಲ್ಲ. 1998ರಲ್ಲಿ ಈ ಜೋಡಿಯನ್ನು ಹರಳುಗಟ್ಟಿಸಿ, ಎಕ್ಸ್‌-ರೇ ಹಾಯಿಸಿ ನೋಡಿದಾಗ ಕಂಡದ್ದು ಇದೇ. ಗರ್ಭನಿರೋಧಕ ಹುಡುಕುತ್ತಾ 1960ರ ದಶಕದಲ್ಲಿ ಮಾಡಿದ ಔಷಧಿ ಕ್ಯಾನ್ಸರಿಗೆ ಹೇಗೆ ನಾಟುತ್ತದೆ ಎಂಬುದು ಅಷ್ಟು ವರ್ಷದ ಮೇಲೆ ಕಣ್ಣಿಗೆ ಬಿತ್ತು!

ಎಲ್ಲ ಅಂಗದಲ್ಲೂ ಹೀಗೇ ನಡೆಯುವುದಿಲ್ಲ. ಸಹಾಯಕ ಪ್ರೋಟೀನುಗಳ ಸಂಗ್ರಹ ಒಂದೊಂದು ಕಡೆ ಒಂದೊಂದು ಥರ. ಗರ್ಭಕೋಶದ ಒಳಪದರದಲ್ಲಿ ಇದೇ ಮಾತ್ರೆ ಸ್ವಲ್ಪ ಈಸ್ಟ್ರೋಜೆನ್‌ನಂತೆಯೇ ವರ್ತಿಸುತ್ತದೆ. ಅದಕ್ಕೇ ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಮೈ ಬಿಸಿಯೇರಿ ಬೆವರುವುದು ಜಾಸ್ತಿಯಾದರೂ ಹೇಳಿ, ನೀವಾಗಿಯೇ ಮಾತ್ರೆ ಬಿಡಬೇಡಿ.

ಕೆಲವರಲ್ಲಿ ಕಾಯಿಲೆ ಮರಳುವುದುಂಟು. ಒಂದು ಕಾರಣ, ರಿಸೆಪ್ಟರಿನ 537 ಅಥವಾ 538ನೇ ಅಮೈನೋ ಆಮ್ಲ ಬದಲಾಗಿ, ಹಾರ್ಮೋನ್ ಇಲ್ಲದೆಯೂ ಸುರುಳಿ ತಾನಾಗಿ ಮುಚ್ಚಿಕೊಳ್ಳುವುದು. ಇದನ್ನು ರಕ್ತ ಪರೀಕ್ಷೆಯಲ್ಲಿ ಹುಡುಕಬಹುದು. ಈ ಬದಲಾವಣೆ ಇರುವವರಿಗೆಂದೇ ಎಲಾಸೆಸ್ಟ್ರಾಂಟ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಕಾಯಿಲೆ ಮರಳಿ ಬಂದವರ ಮನೆಯವರು, ಈ ರಿಸೆಪ್ಟರಿನ ಜೀನ್ ನೋಡುವ ಇಎಸ್‌ಆರ್1 ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ.