ದೀಪ ಶಾಂತ ಆತು, ನಡೀರಿ

ಏಪ್ರಿಲ್ ಬಿಸಿಲು, ಮಂಗಳವಾರ. ಕೊಪ್ಪಳದಿಂದ ಹುಲಿಗಿಗೆ, ಹುಲಿಗೆಮ್ಮನ ದರ್ಶನಕ್ಕೆ ಹೊರಟಿದ್ದೆವು. ಬೆಳಿಗ್ಗೆ ಹೊಟ್ಟೆ ತುಂಬ ವಗ್ಗರಣಿ-ಮಿರ್ಚಿ ತಿಂದಿದ್ದರಿಂದ ನನ್ನ ತಲೆ ಅಷ್ಟೇನೂ ಓಡುತ್ತಿರಲಿಲ್ಲ. ಗಿಣಿಗೇರಾ ದಾಟುತ್ತಿದ್ದ ಹಾಗೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಣ್ಣೆ ಗಿಂಡಿಯ ಚಿತ್ರ ಹೊತ್ತಿತು. ಮೂತಿಯಲ್ಲಿ ಒಂದು ತೊಟ್ಟು ಬೇರೆ.

ಮುಂದಿನ ಸೀಟಿನಲ್ಲಿದ್ದ ನಮ್ಮ ಅತ್ತೆ ಅದಕ್ಕೆ ಕೈ ಮುಗಿದರು. "ದೀಪ ಹತ್ತೈತಿ ನೋಡ್ರಿ, ಅಮ್ಮನ ದಾರ್ಯಾಗ ಛಲೋ ಶಕುನ."

ನಾನೂ ಅದನ್ನೇ ನಂಬಿದೆ ಅಂತ ಹೇಳಿದರೆ ಮಾನ ಉಳಿಯುತ್ತಿತ್ತು. ಆದರೆ ನನಗೆ ಅದು ಆಯಿಲ್ ಲೈಟು ಅಂತ ಗೊತ್ತಿತ್ತು. ಗೊತ್ತಿದ್ದೂ, ಮುಂದೆ ಎಲ್ಲಾದರೂ ಬೇವಿನ ಮರ ಸಿಗಲಿ, ನೆರಳಲ್ಲಿ ನಿಲ್ಲಿಸೋಣ ಅಂದುಕೊಂಡು ಓಡಿಸಿದೆ. ಆ ರಸ್ತೆಯಲ್ಲಿ ಫ್ಯಾಕ್ಟರಿ, ಲಾರಿ, ಧೂಳು ಎಲ್ಲ ಸಿಗುತ್ತವೆ, ಬೇವಿನ ಮರ ಒಂದನ್ನು ಬಿಟ್ಟು. ಕೊನೆಗೆ ಹೆಂಡತಿಯೇ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಎಂಜಿನ್ ಚಾಲೂ ಐತೇನ್ರಿ ಸರ? ಮೊದಲ ಬಂದ್ ಮಾಡ್ರಿ! ಆಮ್ಯಾಲೆ ಮಾತಾಡೂಣು."

ಬಿಸಿಲಲ್ಲೇ ಬಂದ್ ಮಾಡಿದೆ. ಬಾನೆಟ್ ತೆಗೆಯಲು ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದೆ, ಅದನ್ನು ಇಲ್ಲಿಗೇ ಬಿಡೋಣ. ಎಣ್ಣೆ ಕೆಳಗಿಳಿಯಲಿ ಅಂತ ಐದು ನಿಮಿಷ ಕಾದು, ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದೆ. ಒರೆಸಲು ಬಟ್ಟೆ ಇಲ್ಲ. ಮದುವೆಯಲ್ಲಿ ಅತ್ತೆಯೇ ಕೊಡಿಸಿದ್ದ ಧೋತರದ ಚುಂಗಿನಿಂದ, ಅವರ ಕಣ್ಣೆದುರೇ, ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆದು ನೋಡಿದರೆ ಎಣ್ಣೆ ಮೇಲಿನ ಗೆರೆಗೆ ಮುಟ್ಟಿದೆ!

"ಎಣ್ಣೆ ಫುಲ್ ಇದೆಯಪ್ಪಾ, ಲೈಟೇ ಕೆಟ್ಟಿರಬೇಕು, ಸ್ಟಾರ್ಟ್ ಮಾಡ್ಲಾ?"

"ಬ್ಯಾಡ್ರಿ! ಎಣ್ಣಿ ಎಷ್ಟೈತಿ ಅನ್ನೂದನ್ನ ಆ ದೀಪ ಹೇಳಂಗಿಲ್ಲ. ಪಂಪು ಎಣ್ಣಿನ ಮ್ಯಾಲ ದಬ್ಬಾಕತ್ತೈತೋ ಇಲ್ಲೋ, ಅದನ್ನ ಹೇಳತೈತಿ. ಮೈಯಾಗ ರಕ್ತ ಐತಿ, ಬಿ.ಪಿ. ಇಲ್ಲ ಅಂದ್ರ ಮನಷ್ಯಾ ನಡೀತಾನೇನ್ರಿ?"

"ಬಿ.ಪಿ. ಎಲ್ಲಾ ನಿಮಗ ಐತಿ" ಅಂದಳು ಹೆಂಡತಿ.

ಎಣ್ಣೆ ಸೋಸುವ ಜಾಲರಿ ಕಟ್ಟಿರಬಹುದು, ಪಂಪು ಸವೆದಿರಬಹುದು, ಸುಮ್ನೆ ಆ ದೀಪ ಹಚ್ಚುವ ಸ್ವಿಚ್ಚೇ ಹೋಗಿರಬಹುದು ಅಂದ ಮೆಕ್ಯಾನಿಕ್. ಒತ್ತಡ ನಿಜವಾಗಿ ಬಿದ್ದಿದ್ದರೆ ಬೇರಿಂಗಿಗೆ ಎಣ್ಣೆ ಹೋಗದೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಎಂಜಿನ್ನೇ ಹಿಡಿದುಕೊಳ್ಳುತ್ತದಂತೆ, ಅದೂ ನಿಮಿಷಗಳಲ್ಲಿ. ನಾನು ಬೇವಿನ ಮರ ಹುಡುಕಿದ್ದು ಎಷ್ಟು ನಿಮಿಷ ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮನೆಯವರು ಆಟೋ ಹತ್ತಿ ಹುಲಿಗಿಗೆ ಹೋದರು. ನಾನು ಹುಲ್ಲು ತುಂಬಿದ ಟ್ರ್ಯಾಕ್ಟರಿನ ಹಿಂದೆ ಹಗ್ಗಕ್ಕೆ ಬಿದ್ದು ಕೊಪ್ಪಳಕ್ಕೆ. ಎಂಜಿನ್ ಬಂದ್ ಇದ್ದರೆ ಬ್ರೇಕು, ಸ್ಟೇರಿಂಗು ಎರಡೂ ಕಲ್ಲಿನ ಹಾಗೆ ಗಟ್ಟಿ ಆಗುತ್ತವೆ ಅಂತ ನನಗೆ ಯಾರೂ ಹೇಳಿರಲಿಲ್ಲ. ದಾರಿಯುದ್ದಕ್ಕೂ ಹುಲಿಗೆಮ್ಮನನ್ನು ನೆನೆದೆ. ಆಟೋದಲ್ಲಿ ಹೋದವರಿಗಿಂತ ಜಾಸ್ತಿಯೇ ನೆನೆದಿರಬೇಕು.

ಗ್ಯಾರೇಜಿನಲ್ಲಿ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ಕೂರಿಸಿ ನೋಡಿದರೆ ಒತ್ತಡ ಸರಿಯಾಗೇ ಇತ್ತು. ಹೋಗಿದ್ದು ಹೆಬ್ಬೆರಳು ಗಾತ್ರದ ಸ್ವಿಚ್ಚು. ಆದರೂ ಆ ಹುಡುಗ ನನ್ನ ಹಳೇ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು, "ಕೂಸಿಗೆ ಕಾಡಿಗಿ ಹಚ್ಚಬಹುದು ನೋಡ್ರಿ" ಅಂದ. ಎಣ್ಣೆ, ಫಿಲ್ಟರು ಎರಡನ್ನೂ ಬದಲಾಯಿಸಿದೆವು.

ಈಗ ನಮ್ಮ ಗಾಡಿಗೆ ಅತ್ತೆಯೇ ಇನ್ಸ್‌ಪೆಕ್ಟರು. ಕೀಲಿ ತಿರುವಿದ ಕೂಡಲೇ ಬಗ್ಗಿ ಆ ಗಿಂಡಿಯನ್ನೇ ನೋಡುತ್ತಾರೆ. ದೀಪ 'ಆರಿತು' ಅನ್ನುವ ಮಾತು ಅವರ ಬಾಯಲ್ಲಿ ಸತ್ತರೂ ಬರುವುದಿಲ್ಲ. ಎಂಜಿನ್ ಗುರ್ ಅಂದು ಕೆಂಪು ಹೋದ ಮೇಲೆ ಬೆನ್ನು ಸೀಟಿಗೆ ಒರಗಿಸಿ ಅಪ್ಪಣೆ ಕೊಡುತ್ತಾರೆ: "ಶಾಂತ ಆತು. ಇನ್ನ ನಡೀರಿ ಅಳಿಯಂದ್ರ."